ಭೂತಾನಿಗೆ ನಲವತ್ತು ಜನರ ಗುಂಪಲ್ಲಿ ಹೋಗಬೇಡಿ ಮಾರಾಯ್ರೆ

ನಮಸ್ಕಾರ ಎಲ್ಲರಿಗೂ. ಇವತ್ತಿನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಪರವಾಗಿಲ್ಲ, ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ಮುಂಬೈಯ ನಮ್ಮ ಕನ್ನಡದವರ ಬಾಯಲ್ಲಿ ಈಗ ಭೂತಾನಿನದ್ದೇ ಸುದ್ದಿ. ಮಾಟುಂಗಾದಲ್ಲಿ ಯಾವುದೋ ಕಾರ್ಯಕ್ರಮಕ್ಕೆ ಹೋದರೂ, ಡೊಂಬಿವಲಿಯಲ್ಲಿ ಮದುವೆ ಊಟಕ್ಕೆ ಕೂತರೂ ಪಕ್ಕದವರು ಕೇಳುವುದು ಇದನ್ನೇ. ಯಾವ ಟೂರ್ ಕಂಪನಿ ಒಳ್ಳೆಯದು? ಎಷ್ಟು ಖರ್ಚಾಗುತ್ತದೆ? ನಮ್ಮ ಊಟ ಸಿಗುತ್ತದಾ? ಗುಂಪಿನಲ್ಲಿ ಎಷ್ಟು ಜನ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದನ್ನು. ಎಂಟು, ಹತ್ತು, ಹೆಚ್ಚೆಂದರೆ ಹನ್ನೆರಡು. ಅದಕ್ಕಿಂತ ಜಾಸ್ತಿಯಾದರೆ ನೀವು ದುಡ್ಡು ಕೊಟ್ಟ ಭೂತಾನಿನಲ್ಲಿ ಅರ್ಧ ನಿಮಗೆ ಸಿಗುವುದೇ ಇಲ್ಲ.

ದೊಡ್ಡ ಗುಂಪಿನ ಟೂರನ್ನು ಕೀಳಾಗಿ ನೋಡುವವನಲ್ಲ ನಾನು. ಜೀವಮಾನವಿಡೀ ಹೋಟೆಲಿನ ಗಲ್ಲಾದಲ್ಲಿ ಕೂತವರು, ಅರವತ್ತಾದ ಮೇಲೆ ಮೊದಲ ಸಲ ಹೆಂಡತಿಯನ್ನು ಕರೆದುಕೊಂಡು ಹೊರಟವರು, ಇಂಥವರಿಗೆ ಸ್ವಿಟ್ಜರ್ಲೆಂಡ್ ತೋರಿಸಿದ್ದು ಆ ಟೂರುಗಳೇ. ವೀಸಾ ಫಾರಂ ತುಂಬಿ ಕೊಟ್ಟರು. ಜೊತೆಗೆ ಅಡುಗೆಯವನನ್ನು ಕಳಿಸಿದರು. ಗಂಡ ತೀರಿಕೊಂಡ ನಮ್ಮ ದೊಡ್ಡಮ್ಮನಂಥವರಿಗೆ ರೂಮಿನಲ್ಲಿ ಜೊತೆ ಹುಡುಕಿ ಕೊಟ್ಟರು. ಅದು ಸಣ್ಣ ಕೆಲಸ ಅಲ್ಲ. ಬಾವುಟ ಹಿಡಿದುಕೊಂಡು ಓಡುವ ಟೂರ್ ಮ್ಯಾನೇಜರನ್ನು ನೋಡಿ ನಗುವುದು ಸುಲಭ, ಪ್ಯಾರಿಸ್ಸಿನಲ್ಲಿ ಪರ್ಸ್ ಕಳೆದುಹೋದಾಗ ಪೊಲೀಸ್ ಸ್ಟೇಷನ್ನಿಗೆ ಬರುವವನು ಅವನೇ.

ಆದರೆ ಭೂತಾನಿನ ಲೆಕ್ಕವೇ ಬೇರೆ. 1974ರಲ್ಲಿ ಪ್ರವಾಸಿಗರಿಗೆ ಬಾಗಿಲು ತೆರೆದಾಗಿನಿಂದಲೂ ಆ ದೇಶ ಒಂದೇ ಹಟ ಹಿಡಿದಿದೆ: ಕಡಿಮೆ ಜನ ಬರಲಿ, ಬಂದವರು ಸರಿಯಾಗಿ ಖರ್ಚು ಮಾಡಲಿ. ನಮಗೆ ತುಂಬಾ ಕಾಲ ಅದರಿಂದ ವಿನಾಯಿತಿ ಇತ್ತು. ಈಗ ಇಲ್ಲ. ಭಾರತೀಯರು ತಲೆಗೆ ಒಂದು ರಾತ್ರಿಗೆ 1,200 ರೂಪಾಯಿ ಸರ್ಕಾರಕ್ಕೆ ಕಟ್ಟಬೇಕು. 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ. ಗಂಡ ಹೆಂಡತಿ ಆರು ರಾತ್ರಿ ಇದ್ದರೆ 14,400 ಅಲ್ಲಿಗೇ ಹೋಯಿತು, ಹೋಟೆಲ್ ಊಟ ಎಲ್ಲ ಬೇರೆ. ಬೇರೆ ದೇಶದವರು ರಾತ್ರಿಗೆ 100 ಡಾಲರ್ ಕೊಡುತ್ತಾರೆ, ಹಾಗೆ ನೋಡಿದರೆ ನಾವು ಅದೃಷ್ಟವಂತರು. ಇನ್ನೊಂದು ನಿಯಮ: ಥಿಂಪು, ಪಾರೊ ಬಿಟ್ಟು ಆಚೆ ಹೋಗಬೇಕಾದರೆ ಪರವಾನಗಿ ಇರುವ ಭೂತಾನಿ ಗೈಡ್ ಕಡ್ಡಾಯ.

ಅಂದರೆ ನಿಮ್ಮ ಟೂರಿನ ದುಡ್ಡಿನಲ್ಲಿ ಒಬ್ಬ ಮನುಷ್ಯ ಸೇರಿದ್ದಾನೆ. ಅಲ್ಲೇ ಹುಟ್ಟಿ, ಅಲ್ಲೇ ಓದಿ, ಪರೀಕ್ಷೆ ಪಾಸು ಮಾಡಿ ಬಂದವನು. ನಲವತ್ತು ಜನರ ನಡುವೆ ಅವನಿಗೆ ಸಿಗುವ ಕೆಲಸ ಏನು ಗೊತ್ತಾ? ತಲೆ ಎಣಿಸುವುದು. ಆ ಊರಿನ ರಸ್ತೆಗಳು ಇಕ್ಕಟ್ಟು, ಓಡುವುದು ಸಣ್ಣ ಕೋಸ್ಟರ್ ಬಸ್ಸು. ನಲವತ್ತು ಜನ ಎಂದರೆ ಎರಡು ಬಸ್ಸು. ಒಂದು ಬಸ್ಸಿನವರು ಬಂದರೆ ಇನ್ನೊಂದು ಬಸ್ಸಿನವರು ಬಾತ್‌ರೂಮಿನಲ್ಲಿ. ಎಲ್ಲರೂ ಸೇರುವಷ್ಟರಲ್ಲಿ ಮೋಡ ಬಂದು ಬೆಟ್ಟ ಮಾಯ.

ದೊಚುಲಾ ಪಾಸ್ ಎನ್ನುವ ಘಾಟಿಯನ್ನೇ ತಗೊಳ್ಳಿ. ಥಿಂಪುವಿನಿಂದ ಪುನಾಖಾಕ್ಕೆ ಹೋಗುವ ದಾರಿ, ಸುಮಾರು 3,100 ಮೀಟರ್ ಎತ್ತರ. ಗುಡ್ಡದ ಮೇಲೆ ಸಾಲಾಗಿ 108 ಚೋರ್ಟೆನ್, ಅಂದರೆ ಸ್ತೂಪಗಳು. ಆಕಾಶ ತಿಳಿಯಾಗಿದ್ದರೆ ಹಿಂದೆ ಹಿಮಾಲಯ. ಎಲ್ಲ ಟೂರುಗಳೂ ಇಲ್ಲಿ ನಿಲ್ಲುತ್ತವೆ. ಇಪ್ಪತ್ತು ನಿಮಿಷ, ಫೋಟೊ, ಕಾಫಿ, ಹೊರಡಿ. ನಾವು ಹೋದಾಗ ಹತ್ತು ಜನರೊಳಗೆ ಇದ್ದೆವು. ನಮ್ಮ ಗೈಡ್ ಟಿವಿ ನೋಡಿ ಹಿಂದಿ ಕಲಿತವನು, ನಮ್ಮದು ಬಂಬಯ್ಯಾ ಹಿಂದಿ, ಎರಡೂ ಸೇರಿ ಹೇಗೋ ನಡೆಯಿತು. ಅವನು ನಮ್ಮನ್ನು ಗೋಡೆಯ ಬದಿ ಕೂರಿಸಿ ಕೇಳಿದ, ಇದನ್ನು ಯಾಕೆ ಕಟ್ಟಿದರು ಗೊತ್ತಾ ಅಂತ. ಯಾರಿಗೂ ಗೊತ್ತಿರಲಿಲ್ಲ.

ವಿಷಯ ಇಷ್ಟು. ಅಸ್ಸಾಮಿನ ಉಲ್ಫಾ ಮತ್ತೆ ಇನ್ನೆರಡು ಉಗ್ರ ಸಂಘಟನೆಗಳು ಭೂತಾನಿನ ದಕ್ಷಿಣದ ಕಾಡಿನಲ್ಲಿ ಶಿಬಿರ ಹಾಕಿದ್ದವು. ಭಾರತದ ಒಳಗೆ ದಾಳಿ ಮಾಡಿ ಅಲ್ಲಿ ಅಡಗುತ್ತಿದ್ದರು. ಭೂತಾನ್ ವರ್ಷಗಟ್ಟಲೆ ಮಾತಿನಲ್ಲೇ ಹೇಳಿ ನೋಡಿತು, ಕೇಳಲಿಲ್ಲ. ಕೊನೆಗೆ 2003ರ ಡಿಸೆಂಬರಿನಲ್ಲಿ ಆ ಪುಟ್ಟ ಸೈನ್ಯವೇ ಕಾಡಿಗೆ ನುಗ್ಗಿತು. ಆಗಿನ ರಾಜ ಜಿಗ್ಮೆ ಸಿಂಗ್ಯೆ ವಾಂಗ್ಚುಕ್ ತಾವೇ ಮುಂದೆ ನಿಂತಿದ್ದರು. ಶಿಬಿರಗಳು ಖಾಲಿಯಾದವು, ಭೂತಾನಿನ ಸೈನಿಕರು ಪ್ರಾಣ ಬಿಟ್ಟರು. ಅವರ ನೆನಪಿಗೆ ರಾಣಿ ಆಶಿ ದೋರ್ಜಿ ವಾಂಗ್ಮೊ ಕಟ್ಟಿಸಿದ್ದು ಈ 108 ಚೋರ್ಟೆನ್. ನಾವು ಸೆಲ್ಫಿ ತೆಗೆಯುವ ಆ ಜಾಗದಲ್ಲಿ ನಮ್ಮ ದೇಶದ ಲೆಕ್ಕವೂ ಒಂದು ಇದೆ.

ಇದನ್ನು ಮೈಕಿನಲ್ಲಿ ಹೇಳಬಹುದಲ್ಲ ಎನ್ನುತ್ತೀರಿ. ಹೇಳಬಹುದು, ಹೇಳುತ್ತಾರೆ ಕೂಡ, ಬಸ್ಸಿನಲ್ಲಿ, ಅರ್ಧ ಜನ ನಿದ್ದೆ ಹೊಡೆಯುವಾಗ. ಹತ್ತು ಜನ ಸುತ್ತ ಕೂತಾಗ ಪ್ರಶ್ನೆ ಹುಟ್ಟುತ್ತದೆ. ನಮ್ಮ ಜೊತೆಗಿದ್ದ ರಿಟೈರ್ಡ್ ಮಾಸ್ತರರೊಬ್ಬರು, ನಿಮ್ಮ ಮನೆಯಿಂದ ಯಾರಾದರೂ ಆ ಕಾರ್ಯಾಚರಣೆಗೆ ಹೋಗಿದ್ದರಾ ಎಂದು ಗೈಡನ್ನು ಕೇಳಿದರು. ಅಲ್ಲಿಂದ ಶುರುವಾದ ಮಾತು ಪುನಾಖಾ ತನಕ ಮುಗಿಯಲಿಲ್ಲ.

ಪುನಾಖಾ ಜೋಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಫೋಟೊ ಎಲ್ಲರೂ ನೋಡಿರುತ್ತೀರಿ. ಎರಡು ಹೊಳೆ ಕೂಡುವ ಜಾಗ, ಫೋ ಛೂ ಗಂಡು ಹೊಳೆ, ಮೋ ಛೂ ಹೆಣ್ಣು ಹೊಳೆ. 1637ರಲ್ಲಿ ಕಟ್ಟಲು ಶುರು ಮಾಡಿದ ಕೋಟೆ. 1907ರಲ್ಲಿ ಮೊದಲ ರಾಜನಿಗೆ ಕಿರೀಟ ಇಟ್ಟದ್ದು ಅಲ್ಲೇ. 1994ರಲ್ಲಿ ಮೇಲೆ ಎಲ್ಲೋ ಹಿಮನದಿಯ ಕೆರೆ ಒಡೆದು ನೆರೆ ಬಂದು ಕೋಟೆಗೂ ಪೆಟ್ಟಾಯಿತು. ಪಾರೊದಲ್ಲಿ ವಿಮಾನ ಇಳಿಯುವ ವಿಡಿಯೊ, ಥಿಂಪುವಿನಲ್ಲಿ ಕೈಸನ್ನೆ ಮಾಡುವ ಟ್ರಾಫಿಕ್ ಪೊಲೀಸ್, ಇವನ್ನೂ ಬಿಟ್ಟುಬಿಡುತ್ತೇನೆ. ನಿಮ್ಮ ಫೋನಿನಲ್ಲಿ ಆಗಲೇ ಸಾವಿರ ಸಲ ಬಂದಿವೆ.

ಯಾರ ಫೋನಿನಲ್ಲೂ ಬರದ ಒಂದು ಹೇಳುತ್ತೇನೆ. ದಾರಿಯಲ್ಲಿ ಒಂದು ಊರಲ್ಲಿ ಬಿಲ್ಲುಗಾರಿಕೆ ನಡೆಯುತ್ತಿತ್ತು. ಅದು ಅವರ ರಾಷ್ಟ್ರೀಯ ಆಟ. ಒಲಿಂಪಿಕ್ಸಿನಲ್ಲಿ ಗುರಿ 70 ಮೀಟರ್ ದೂರ, ಇಲ್ಲಿ ಸುಮಾರು 145. ಗುರಿಯ ಹಲಗೆ ನನಗೆ ಸರಿಯಾಗಿ ಕಾಣಿಸಲೂ ಇಲ್ಲ. ಬಾಣ ತಾಗಿದರೆ ತಂಡದವರೆಲ್ಲ ಹಾಡಿ ಕುಣಿಯುತ್ತಾರೆ, ತಪ್ಪಿದರೆ ಎದುರು ತಂಡದವರ ಗೇಲಿ. ಡ್ರೈವರ್ ಗಾಡಿ ನಿಧಾನ ಮಾಡಿದ, ಗೈಡ್ ನಮ್ಮ ಮುಖ ನೋಡಿದ, ನಾವು ಇಳಿದೆವು. ಎಷ್ಟೋ ಹೊತ್ತು ಅಲ್ಲೇ ನಿಂತೆವು. ಯಾವ ಪಟ್ಟಿಯಲ್ಲೂ ಇರಲಿಲ್ಲ ಅದು. ನಲವತ್ತು ಜನರ ಬಸ್ಸು ಹಾಗೆ ನಿಲ್ಲಲು ಸಾಧ್ಯವೇ ಇಲ್ಲ. ಮುಂದಿನ ಹೋಟೆಲಿನಲ್ಲಿ ನಲವತ್ತು ತಟ್ಟೆ ಕಾಯುತ್ತಿರುತ್ತವೆ.

ತಟ್ಟೆ ಎಂದಾಗ ನೆನಪಾಯಿತು, ಊಟ. ಅಡುಗೆಯವನನ್ನು ಕರೆದುಕೊಂಡು ಹೋಗುವ ಟೂರುಗಳ ಮೇಲೆ ನನಗೆ ಸಿಟ್ಟಿಲ್ಲ, ಮರುಕ ಇದೆ. ಅಲ್ಲಿಯ ಕೆಂಪು ಅಕ್ಕಿ ಅನ್ನ ಇದೆಯಲ್ಲ, ನಮ್ಮ ಕರಾವಳಿಯ ಕುಚ್ಚಲಕ್ಕಿ ಉಂಡು ಬೆಳೆದವರಿಗೆ ಒಂದೇ ತುತ್ತಿಗೆ ನಾಲಗೆಗೆ ಹತ್ತುತ್ತದೆ. ಎಮಾ ದಾತ್ಶಿ ಎಂದರೆ ಮೆಣಸಿನಕಾಯಿಯನ್ನೇ ತರಕಾರಿ ಮಾಡಿ ಚೀಸಿನಲ್ಲಿ ಬೇಯಿಸುವುದು. ಖಾರ ಆಗದಿದ್ದರೆ ಕೆವಾ ದಾತ್ಶಿ, ಅದು ಆಲೂಗಡ್ಡೆಯದು. ಶಾಮು ದಾತ್ಶಿ ಅಣಬೆಯದು. ಸಸ್ಯಾಹಾರಿಗಳು ಉಪವಾಸ ಬೀಳುವ ಊರಲ್ಲ ಅದು. ಉಪ್ಪು ಬೆಣ್ಣೆ ಹಾಕಿದ ಅವರ ಚಹಾ, ಸುಜಾ, ಅದು ಮಾತ್ರ ನನ್ನಿಂದಾಗಲಿಲ್ಲ. ಇಷ್ಟೆಲ್ಲ ಇರುವಾಗ ಪುನಾಖಾದಲ್ಲಿ ಕೂತು ಪಾವ್‌ಭಾಜಿ ತಿನ್ನುವುದು ಯಾಕೆ? ಅದಕ್ಕೆ ದಾದರ್ ಸಾಕಲ್ವಾ?

ಸಣ್ಣ ಗುಂಪಿನ ಬೆಲೆ ನಿಜವಾಗಿ ಗೊತ್ತಾಗುವುದು ತಕ್‌ತ್ಸಾಂಗಿನಲ್ಲಿ, ಹುಲಿಯ ಗೂಡು ಅನ್ನುತ್ತಾರಲ್ಲ ಅದು. ಬೌದ್ಧ ಗುರು ಪದ್ಮಸಂಭವ ಹೆಣ್ಣು ಹುಲಿಯ ಬೆನ್ನೇರಿ ಹಾರಿ ಬಂದು ಗುಹೆಯಲ್ಲಿ ತಪಸ್ಸು ಮಾಡಿದರು ಎಂಬ ನಂಬಿಕೆ. 1692ರಲ್ಲಿ ಅಲ್ಲಿ ದೇವಾಲಯ ಕಟ್ಟಿದರು. 1998ರಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು, ಮತ್ತೆ ಮೊದಲಿನ ಹಾಗೇ ಕಟ್ಟಿದ್ದಾರೆ. 3,120 ಮೀಟರ್ ಎತ್ತರ. ಕುದುರೆ ಸಿಗುತ್ತದೆ, ಆದರೆ ಅರ್ಧ ದಾರಿಯ ಕೆಫೆಟೇರಿಯ ತನಕ ಮಾತ್ರ. ಆಮೇಲೆ ಕಾಲೇ ಗತಿ, ಇಳಿಯುವಾಗ ಪೂರ್ತಿ ಕಾಲೇ. ಕೊನೆಗೆ ಮೆಟ್ಟಿಲುಗಳು ಇಳಿದು ಮತ್ತೆ ಹತ್ತಬೇಕು. ಒಳಗೆ ಫೋನ್ ಬಿಡುವುದಿಲ್ಲ.

ದೊಡ್ಡ ಗುಂಪಿನಲ್ಲಿ ಇಲ್ಲಿ ಆಗುವುದು ನೋಡಿ ನನಗೆ ಬೇಜಾರಾಯಿತು. ಬಿಳಿ ಟೋಪಿ ಹಾಕಿದ ಒಂದು ತಂಡ, ಎಲ್ಲರ ಕಣ್ಣೂ ವಾಚಿನ ಮೇಲೆ. ಇಂಥ ಹೊತ್ತಿಗೆ ಬಸ್ಸಿನ ಹತ್ತಿರ ಇರಬೇಕು ಎಂದು ಹೇಳಿದ್ದರಂತೆ. ಒಬ್ಬರು ಆಂಟಿ ದೇವಾಲಯ ಎದುರಿಗೆ ಕಾಣುವ ತಿರುವಿನ ತನಕ ಬಂದು ವಾಪಸ್ ಹೊರಟರು. ಕಾಲಿಗೆ ಶಕ್ತಿ ಇತ್ತು, ಟೈಮ್ ಇರಲಿಲ್ಲ. ಮೊಮ್ಮಗ ಮೇಲೆ ಹತ್ತು ಎಂದ, ಮ್ಯಾನೇಜರ್ ಇಳಿಯಿರಿ ಎಂದ. ಮ್ಯಾನೇಜರನ ತಪ್ಪೂ ಅಲ್ಲ ಅದು. ಒಬ್ಬರಿಗಾಗಿ ಮೂವತ್ತೊಂಬತ್ತು ಜನರನ್ನು ಕಾಯಿಸಿದರೆ ಸಂಜೆ ಅವನಿಗೆ ಪೂಜೆ.

ನಮ್ಮ ಗುಂಪಿನಲ್ಲಿ ಮಂಡಿ ನೋವಿನವರು ಇಬ್ಬರು ಕೆಫೆಟೇರಿಯದಲ್ಲಿ ಡ್ರೈವರ್ ಜೊತೆ ಹರಟೆ ಹೊಡೆಯುತ್ತಾ ಕೂತರು. ಉಳಿದವರು ಅವರವರ ನಡಿಗೆಯಲ್ಲಿ ಹತ್ತಿದರು. ಗೈಡ್ ಎಲ್ಲರಿಗಿಂತ ಹಿಂದೆ ಇರುವವರ ಜೊತೆ ನಡೆದ. ಇದು ಅವನ ಒಳ್ಳೆಯತನ ಅಂದುಕೊಳ್ಳಬೇಡಿ, ಹತ್ತು ಜನ ಇರುವಾಗ ಆಗುವ ಕೆಲಸ ಅದು. ಅಷ್ಟೇ.

ಸಣ್ಣ ಗುಂಪಿನಲ್ಲಿ ತಾಪತ್ರಯ ಇಲ್ಲವಾ? ಇದೆ. ಮೊದಲನೆಯದು ದುಡ್ಡು, ತಲೆಗೆ ಜಾಸ್ತಿಯೇ ಬೀಳುತ್ತದೆ. ಅದಕ್ಕಿಂತ ದೊಡ್ಡದು ಜನ. ನಲವತ್ತು ಜನರಲ್ಲಿ ಒಬ್ಬ ಕೊರೆಯುವವನಿದ್ದರೆ ಬೇರೆ ಸೀಟಿಗೆ ಹೋಗಿ ಕೂರಬಹುದು. ಎಂಟು ಜನರಲ್ಲಿ ಎಲ್ಲಿಗೆ ಹೋಗುತ್ತೀರಿ? ಬೆಳಿಗ್ಗೆ ಇಡ್ಲಿ ಇಲ್ಲ, ಮಧ್ಯಾಹ್ನ ಬಿಸಿಲು, ಸಂಜೆ ಚಳಿ, ಹೀಗೆ ರಾಗ ಎಳೆಯುವ ಮಹಾನುಭಾವರೊಬ್ಬರು ನಮ್ಮ ಜೊತೆಗೂ ಇದ್ದರು. ಅವರು ಈ ವಿಡಿಯೊ ನೋಡುತ್ತಾರೆ, ಅವರಿಗೂ ಗೊತ್ತು. ಮತ್ತೆ, ಬುಕ್ಕಿಂಗ್ ಸಾಕಷ್ಟು ಆಗದಿದ್ದರೆ ಸಣ್ಣ ಟೂರು ಕ್ಯಾನ್ಸಲ್ ಆಗುವ ಭಯವೂ ಉಂಟು.

ಹುಡುಗರು ಹೇಳುತ್ತಾರೆ, ಗೈಡ್ ಯಾಕೆ, ಬೈಕ್ ತಗೊಂಡು ಹೋಗ್ತೇವೆ ಅಂತ. ಹೋಗಿ. ಪಾರೊ, ಥಿಂಪು ನೋಡಿ ಬನ್ನಿ. ಆಚೆಗೆ ನಿಯಮವೇ ಬಿಡುವುದಿಲ್ಲ, ಮಾತು ಮುಗಿಯಿತು.

ಏಜೆನ್ಸಿಯವರು ಸಣ್ಣ ಗುಂಪು ಎಂದ ತಕ್ಷಣ ನಂಬಬೇಡಿ. ಇಪ್ಪತ್ತೈದನ್ನೂ ಸಣ್ಣದು ಎಂದು ಮಾರುವವರಿದ್ದಾರೆ. ಸಂಖ್ಯೆ ಬರೆದು ಕೊಡಲಿ. ಗೈಡ್ ಮೊದಲ ದಿನದಿಂದ ಕೊನೆಯ ದಿನದ ತನಕ ಒಬ್ಬನೇನಾ ಕೇಳಿ. ರಾತ್ರಿಗೆ 1,200ರ ಆ ಶುಲ್ಕ ಪ್ಯಾಕೇಜಿನ ಒಳಗೋ ಹೊರಗೋ ಕೇಳಿ. ಫೋಬ್‌ಜಿಖಾ ಕಣಿವೆ ಇದೆಯಾ ಕೇಳಿ, ಎಷ್ಟೋ ಪ್ಯಾಕೇಜುಗಳಲ್ಲಿ ಅದನ್ನು ಹಾರಿಸುತ್ತಾರೆ. ಚಳಿಗಾಲದಲ್ಲಿ ಟಿಬೆಟಿನಿಂದ ಕಪ್ಪು ಕತ್ತಿನ ಕೊಕ್ಕರೆಗಳು ಬರುವ ಜಾಗ. ಹಕ್ಕಿಗೆ ತಾಗಬಾರದೆಂದು ಕರೆಂಟಿನ ತಂತಿಯನ್ನು ನೆಲದಡಿಗೆ ಹಾಕಿದ ಊರು ಮಾರಾಯ್ರೆ. ನವೆಂಬರ್ 11ಕ್ಕೆ ಅಲ್ಲಿಯ ಗಾಂಗ್ತೆ ಮಠದ ಅಂಗಳದಲ್ಲಿ ಆ ಹಕ್ಕಿಗಳ ಹೆಸರಿನಲ್ಲೇ ಹಬ್ಬ ಆಗುತ್ತದೆ, ಮಕ್ಕಳು ಕೊಕ್ಕರೆ ವೇಷ ಹಾಕಿ ಕುಣಿಯುತ್ತಾರೆ.

ಇನ್ನು ನಮ್ಮ ಸಂಘಗಳ ಮಹಿಳಾ ವಿಭಾಗದ ಅಕ್ಕಂದಿರಿಗೆ ಒಂದು ಮಾತು. ನೀವು ಪ್ರವಾಸ ಇಟ್ಟರೆ ಒಂದೇ ವಾರದಲ್ಲಿ ನಲವತ್ತು ಹೆಸರು ಬರುತ್ತದೆ, ನನಗೆ ಗೊತ್ತು. ದಯವಿಟ್ಟು ನಾಲ್ಕು ತಂಡ ಮಾಡಿ, ನಾಲ್ಕು ತಾರೀಖಿಗೆ ಕಳಿಸಿ. ಒಟ್ಟಿಗೆ ಹೋಗುವ ಮಜಾ ಹೋಯಿತು ಅನ್ನಬೇಡಿ. ಒಟ್ಟಿಗೆ ಸೇರಲು ಸಂಘದ ಸಭಾಂಗಣ ಇದೆಯಲ್ಲ, ಬಂದ ಮೇಲೆ ಫೋಟೊ ತೋರಿಸಿಕೊಂಡು ಜಗಳ ಆಡಿ, ಯಾರ ತಂಡ ಒಳ್ಳೆಯದಿತ್ತು ಅಂತ.

ಹಾಂ, ಹೆಸರು ಕೊಡುವ ಮೊದಲೇ ಕಾಗದಪತ್ರ ನೋಡಿಕೊಳ್ಳಿ. ಆಧಾರ್ ನಡೆಯುವುದಿಲ್ಲ. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು, ಪಾಸ್‌ಪೋರ್ಟಾದರೆ ಆರು ತಿಂಗಳು ಬಾಕಿ ಇರಬೇಕು. ನಮ್ಮವರ ತೊಂದರೆ ಗೊತ್ತಲ್ಲ, ಊರಿನ ಕಾಗದದಲ್ಲಿ ಇನಿಷಿಯಲ್ಲು, ಇಲ್ಲಿಯ ಕಾಗದದಲ್ಲಿ ನಡುವೆ ಗಂಡನ ಹೆಸರು. ಟಿಕೆಟ್ಟಿನಲ್ಲಿ ಒಂದು, ಕಾರ್ಡಿನಲ್ಲಿ ಇನ್ನೊಂದು. ಭೂತಾನ್ ಗಡಿಯ ಜಯಗಾಂವ್ ಗೇಟಿನ ಹತ್ತಿರ ನಿಂತು ಅದನ್ನು ವಿವರಿಸುವ ಕೆಲಸ ಇಟ್ಟುಕೊಳ್ಳಬೇಡಿ. ಈ ವಾರವೇ ಬೀರುವಿನಿಂದ ತೆಗೆದು ನೋಡಿ, ಸರಿ ಇಲ್ಲದಿದ್ದರೆ ಮೊದಲು ಸರಿ ಮಾಡಿಸಿ, ಟೂರ್ ಬುಕ್ಕಿಂಗ್ ಆಮೇಲೆ.