ಎಂಟನೆಯ ಗ್ಲಾಸು

ಕೇಳುಗರಿಗೆಲ್ಲ ನಮಸ್ಕಾರ.

ಸಿನಿಮಾದಲ್ಲಿ ಹೆಸರು ಬೀಳುವ ಹೊತ್ತಿಗೆ ನಾವು ಏನು ಮಾಡುತ್ತಿರುತ್ತೇವೆ? ಕತ್ತಲಲ್ಲಿ ಸೀಟು ಹುಡುಕುತ್ತೇವೆ. ಯಾರದೋ ಕಾಲು ತುಳಿಯುತ್ತೇವೆ. ಪಾಪ್‌ಕಾರ್ನ್ ಚೆಲ್ಲುತ್ತೇವೆ. ತೆರೆಯ ಮೇಲೆ ಯಾರದ್ದೋ ಹೆಸರು ಬಂತು, ಹೋಯಿತು. ಕತೆ ಇನ್ನೂ ಶುರುವಾಗಿಲ್ಲ ಬಿಡಿ ಅಂತ ನಮಗೆ ಸಮಾಧಾನ. ಆ ಎರಡು ನಿಮಿಷದ ಬಗ್ಗೆಯೇ ಇವತ್ತು ಮಾತಾಡುತ್ತೇನೆ.

ನಾನು ಸಿನಿಮಾದವನಲ್ಲ. ಮದುವೆ ವಿಡಿಯೋ ಎಡಿಟ್ ಮಾಡಿ ಹೊಟ್ಟೆ ಹೊರೆಯುವವನು. ಮಂಗಳೂರಿನ ಒಂದು ಕಾಲೇಜಿನಲ್ಲಿ ವಾರಕ್ಕೆರಡು ಸಲ ಹೋಗಿ ಎಡಿಟಿಂಗ್ ಹೇಳಿಕೊಡುತ್ತೇನೆ. ಅಲ್ಲಿ ಐದು ಮಂದಿಯ ಒಂದು ತಂಡ ನನಗೆ ಗಂಟುಬಿತ್ತು. ಅವರ ಪ್ರಾಜೆಕ್ಟ್ ಏನೆಂದರೆ, ಒಂದು ಥ್ರಿಲ್ಲರ್ ಸಿನಿಮಾದ ಟೈಟಲ್ ಮಾತ್ರ ಮಾಡುವುದು. ಸಿನಿಮಾ ಇಲ್ಲ, ಬರೀ ಟೈಟಲ್. ಎರಡು ನಿಮಿಷ.

ಅವರ ಮೊದಲ ಪ್ಲಾನ್ ಕೇಳಿ. ಮಳೆ. ರಾತ್ರಿ. ಕಪ್ಪು ಜರ್ಕಿನ್ ಹಾಕಿದವನೊಬ್ಬ ಓಡುತ್ತಾನೆ. ಕೈಯಲ್ಲಿ ಮೀನು ಕೊಯ್ಯುವ ಚೂರಿ. ಕುಂಕುಮ ಕದಡಿದ ನೀರು ಚರಂಡಿಯಲ್ಲಿ ಹರಿಯುತ್ತದೆ. ಮೇಲಿನಿಂದ ಡ್ರೋನ್. ಈಗ ಕಾಲೇಜು ಮಕ್ಕಳ ಸಿನಿಮಾ ಎಲ್ಲ ಡ್ರೋನ್‌ನಿಂದಲೇ ಶುರುವಾಗುವುದು, ಮದುವೆ ವಿಡಿಯೋವೂ ಅಷ್ಟೇ ಅನ್ನಿ. ಸಿನಿಮಾದ ಹೆಸರು 'ರಕ್ತದ ದಕ್ಕೆ'. ದಕ್ಕೆ ಅಂದರೆ ಮೀನಿನ ಬೋಟು ಬಂದು ನಿಲ್ಲುವ ಜಾಗ.

ನಾನು ಕೇಳಿದೆ, 'ಕೊಂದವನು ಗೊತ್ತಾಯಿತು, ಚೂರಿ ಗೊತ್ತಾಯಿತು, ರಕ್ತವೂ ಹರಿಯಿತು. ಇನ್ನು ನಾನು ಎರಡು ಗಂಟೆ ಕೂತು ನೋಡುವುದು ಯಾವುದನ್ನು ಮಾರಾಯ್ರೆ?'

ಹಳೆಯ ಟೈಟಲ್‌ಗಳನ್ನು ಸ್ವಲ್ಪ ನೋಡಿ ಬನ್ನಿ ಎಂದು ಕಳಿಸಿದೆ. ಇದರಲ್ಲಿ ದೊಡ್ಡ ಹೆಸರು ಅಮೆರಿಕದ ಸಾಲ್ ಬಾಸ್. ಆಗೆಲ್ಲ ಅಲ್ಲಿನ ಟಾಕೀಸುಗಳಲ್ಲಿ ಹೆಸರು ಬೀಳುವಾಗ ಪರದೆ ಮುಚ್ಚಿಯೇ ಇರುತ್ತಿತ್ತಂತೆ. ಕತೆ ಶುರುವಾಗುವಾಗ ಅದನ್ನು ಸರಿಸುತ್ತಿದ್ದರು. 1955ರಲ್ಲಿ 'ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್' ಸಿನಿಮಾಕ್ಕೆ ಬಾಸ್ ಟೈಟಲ್ ಮಾಡಿದ. ಆ ರೀಲಿನ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿದ್ದರಂತೆ, ಹೆಸರು ಬೀಳುವ ಮೊದಲೇ ಪರದೆ ತೆಗೆಯಿರಿ ಎಂದು. 1960ರಲ್ಲಿ ಹಿಚ್‌ಕಾಕ್‌ನ 'ಸೈಕೋ' ಬಂತು. ಅದರ ಟೈಟಲಿನಲ್ಲಿ ಮನುಷ್ಯರೇ ಇಲ್ಲ. ಗೆರೆಗಳು ಅಡ್ಡಡ್ಡ, ಉದ್ದುದ್ದ ಓಡುತ್ತವೆ. ಅಕ್ಷರ ತುಂಡಾಗುತ್ತದೆ, ಕೂಡಿಕೊಳ್ಳುತ್ತದೆ. ಹಿಂದೆ ಬರ್ನಾರ್ಡ್ ಹರ್ಮನ್‌ನ ಸಂಗೀತ. ಅದರಲ್ಲಿ ಇರುವುದು ಬರೀ ತಂತಿವಾದ್ಯ. ಚೂರಿಯಿಲ್ಲ, ರಕ್ತವಿಲ್ಲ. ಆದರೂ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇವೆ.

ಮಕ್ಕಳು ನೋಡಿದರು, ತಲೆಯಾಡಿಸಿದರು. ಆದರೂ ಚೂರಿ ಬಿಡಲು ಮನಸ್ಸಿಲ್ಲ.

ಕೊನೆಗೆ ಅವರಿಗೆ ಬುದ್ಧಿ ಹೇಳಿದ್ದು ಸಾಲ್ ಬಾಸ್ ಅಲ್ಲ, ಯಕ್ಷಗಾನ. ತಂಡದ ಒಬ್ಬ ಹುಡುಗಿಯ ಅಪ್ಪ ಬಣ್ಣದ ವೇಷ, ಅಂದರೆ ರಾಕ್ಷಸನ ಪಾತ್ರ, ಮಾಡುತ್ತಿದ್ದವರು. ಅವಳೇ ಹೇಳಿದ್ದು, 'ಸರ್, ಬಣ್ಣದ ವೇಷ ಬರುವಾಗ ತೆರೆ ಹಿಡಿಯುತ್ತಾರಲ್ಲ, ಹಾಗೆ ಮಾಡಿದರೆ?' ನೀವು ನೋಡಿರುತ್ತೀರಿ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಹಿಂದಿನಿಂದ ಅಬ್ಬರಿಸುವುದು ಕೇಳುತ್ತದೆ. ಮೇಲಿನಿಂದ ಕಿರೀಟದ ತುದಿ. ಕೆಳಗಿನಿಂದ ಪಾದ, ಗೆಜ್ಜೆ. ಮುಖ ಇಲ್ಲ. ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗು ಹಿಡಿಯುವುದು ರಾಕ್ಷಸ ಕಂಡ ಮೇಲಲ್ಲ, ಕಾಣುವ ಮೊದಲು. ನಾನು ಹಾಗೆ ಹಿಡಿದವನೇ. ತೆರೆ ಸರಿದು ಪೂರ್ತಿ ವೇಷ ಕಂಡಿತೋ, ಅರ್ಧ ಹೆದರಿಕೆ ಹೋಯಿತು!

ಅಲ್ಲಿಗೆ ಚೂರಿ ಹೋಯಿತು, ಜರ್ಕಿನ್ ಹೋಯಿತು. ದಕ್ಕೆ ಉಳಿಯಿತು. ಹೊಸ ಕತೆ ಇಷ್ಟೇ. ಎಂಟು ಜನ ಹೋದ ಬೋಟು ಏಳು ಜನರ ಜೊತೆ ವಾಪಸು ಬರುತ್ತದೆ. ದಕ್ಕೆಯ ಹೋಟೆಲಿನವನು ಆ ಬೋಟಿನವರಿಗೆ ಅಭ್ಯಾಸದ ಮೇಲೆ ಎಂಟು ಗ್ಲಾಸು ಚಾ ಹೊಯ್ದಿಡುತ್ತಾನೆ. ಏಳು ಕೈ ಬರುತ್ತವೆ, ಏಳು ಗ್ಲಾಸು ಎತ್ತುತ್ತವೆ. ಎಂಟನೆಯದು ಅಲ್ಲೇ. ಅದರ ಮೇಲೆ ಮೆಲ್ಲಗೆ ಕೆನೆ ಕಟ್ಟುತ್ತದೆ. ಯಾರ ಮುಖವೂ ಕಾಣುವುದಿಲ್ಲ. ಸಿನಿಮಾದ ಹೆಸರು 'ಎಂಟು' ಅಂತಾಯಿತು.

ಹಳೆಯ ರಫ್ ಪುಸ್ತಕದಲ್ಲಿ ಚೌಕ ಗೀಚಿ ಒಂದೊಂದು ಶಾಟ್ ಬರೆದುಕೊಂಡರು. ಚಿತ್ರ ಬಿಡಿಸಲು ಯಾರಿಗೂ ಬರುವುದಿಲ್ಲ. ಗ್ಲಾಸು ಬಕೆಟಿನ ಹಾಗಿತ್ತು, ಕೈ ಬದನೆಕಾಯಿಯ ಹಾಗೆ. ತೊಂದರೆಯಿಲ್ಲ. ಯಾವ ಶಾಟ್ ಎಷ್ಟು ಸೆಕೆಂಡು, ಅದರಲ್ಲಿ ಯಾವ ಹೆಸರು, ಹೆಸರು ಯಾವ ಮೂಲೆಗೆ, ಇಷ್ಟು ಗೊತ್ತಾದರೆ ಸಾಕು. ಒಂದು ಹೆಸರು ಎಷ್ಟು ಹೊತ್ತು ಇರಬೇಕು ಎಂದು ಕೇಳಿದರು. ಮನಸ್ಸಿನಲ್ಲೇ ನಿಧಾನವಾಗಿ ಎರಡು ಸಲ ಓದಿ, ಅಷ್ಟು ಹೊತ್ತು ಎಂದೆ.

ಮೇ ತಿಂಗಳ ಕೊನೆಯ ವಾರ, ಬೆಳಗಿನ ಜಾವ ನಾಲ್ಕೂವರೆಗೆ ದಕ್ಕೆಗೆ ಹೋದರು. ಐಸ್ ಪುಡಿ ಮಾಡುವ ಮೆಷಿನ್, ಏಲಂ ಕೂಗು, ಬಂಗುಡೆ ತುಂಬಿದ ಕ್ರೇಟು, ಎಲ್ಲ ಸಿಕ್ಕಿತು. ಮೊಬೈಲಿನಲ್ಲೇ ತೆಗೆದರು. ಮನೆಗೆ ಬಂದು ನೋಡಿದರೆ ಹೋಟೆಲಿನ ಶಾಟುಗಳೆಲ್ಲ ಹಾಳು. ಗೋಡೆಯ ಮೇಲೆ ಕಪ್ಪು ಪಟ್ಟಿ ಮೇಲಿಂದ ಕೆಳಗೆ ಹರಿಯುತ್ತಿದೆ. ಕಾರಣ ಟ್ಯೂಬ್‌ಲೈಟ್. ನಮ್ಮ ಕರೆಂಟು 50 ಹರ್ಟ್ಸ್. ಹಾಗಾಗಿ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ತಿಳಿಯುವುದಿಲ್ಲ, ಕ್ಯಾಮೆರಾಕ್ಕೆ ತಿಳಿಯುತ್ತದೆ. ಇವರು ಮೊಬೈಲನ್ನು ಸೆಕೆಂಡಿಗೆ 30 ಫ್ರೇಮಿನಲ್ಲೇ ಬಿಟ್ಟಿದ್ದರು. 25ಕ್ಕೆ ಇಟ್ಟು, ಶಟರನ್ನು ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕೆ ನಿಲ್ಲಿಸಿದ್ದರೆ ಪಟ್ಟಿ ಬರುತ್ತಿರಲಿಲ್ಲ. ಇದನ್ನು ನಾನು ಮೊದಲೇ ಹೇಳಬೇಕಿತ್ತು. ಮರೆತೆ.

ಇನ್ನೊಮ್ಮೆ ಹೋಗುವಷ್ಟರಲ್ಲಿ ಜೂನ್ ಒಂದು ಬಂತು. ಮೀನುಗಾರಿಕೆಗೆ ರಜೆ, ಜುಲೈ 31ರವರೆಗೆ, ಒಟ್ಟು 61 ದಿನ. ಏಲಂ ಇಲ್ಲ, ಐಸ್ ಇಲ್ಲ, ಹೋಟೆಲಿಗೂ ಬೀಗ. ಬೋಟುಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಕೊನೆಗೆ ಕಾಲೇಜಿನ ಹಿಂದಿನ ಶೆಡ್ಡಿನಲ್ಲಿ ಒಂದು ಹಳೆಯ ಬೆಂಚು ಹಾಕಿ, ಎಂಟು ಗ್ಲಾಸು ಇಟ್ಟು ತೆಗೆದರು. ಹತ್ತಿರದಿಂದ ತೆಗೆದರೆ ದಕ್ಕೆ ಯಾವುದು, ಶೆಡ್ಡು ಯಾವುದು, ಯಾರಿಗೆ ಗೊತ್ತು?

ಗೊತ್ತಾಗುವುದು ಕಿವಿಗೆ. ಶೆಡ್ಡಿನ ಸದ್ದೇ ಬೇರೆ, ದಕ್ಕೆಯ ಸದ್ದೇ ಬೇರೆ. ಹಾಗಾಗಿ ಖಾಲಿ ದಕ್ಕೆಗೇ ಮತ್ತೆ ಹೋಗಿ ಬರೀ ಶಬ್ದ ಹಿಡಿದುಕೊಂಡು ಬಂದರು. ಬೋಟಿಗೆ ಬೋಟು ತಾಗಿ ಮರ ಕಿರುಗುಟ್ಟುವ ಸದ್ದು. ಹಗ್ಗ ಬಿಗಿಯುವ ಸದ್ದು. ಮೇ ತಿಂಗಳ ಗಲಾಟೆಯಲ್ಲಿ ಇವು ಕೇಳುತ್ತಲೇ ಇರಲಿಲ್ಲ. ಮಳೆಯ ಶಬ್ದ ಮಾತ್ರ ಮೊಬೈಲಿನಲ್ಲಿ ಬರೀ ಸೊಂಯ್ ಅಂತ ಬಂದಿತ್ತು. ಅದಕ್ಕೆ ಹಳೆಯ ರೇಡಿಯೋ ನಾಟಕದ ಉಪಾಯ ಹೇಳಿಕೊಟ್ಟೆ. ಗೆರಸೆಗೆ ಮೇಲಿನಿಂದ ಮೆಲ್ಲಗೆ ಅಕ್ಕಿ ಸುರಿಯುವುದು. ಒಬ್ಬ ಚೆಂಡೆ ಬೇಕೇಬೇಕು ಎಂದು ಹಟ ಹಿಡಿದ. ನಾನು ಒಪ್ಪಲಿಲ್ಲ. ಕರಾವಳಿಯ ಕತೆ ಅಂದ ಕೂಡಲೇ ಚೆಂಡೆ ಬಾರಿಸುವುದು ಈಗ ಜಾಸ್ತಿಯಾಗಿದೆ.

ಆ ಟೈಟಲನ್ನು ನಿಮಗೆ ರೇಡಿಯೋದಲ್ಲಿ ತೋರಿಸಲು ಆಗುವುದಿಲ್ಲ. ಆದರೆ ಅದರ ಜೀವ ಇರುವುದು ಶಬ್ದದಲ್ಲೇ, ಅದನ್ನು ಕೇಳಿಸಬಹುದು. ಚಾ ಕುಡಿದವರು ಒಬ್ಬೊಬ್ಬರಾಗಿ ಗ್ಲಾಸು ಕೆಳಗಿಡುತ್ತಾರೆ. ಬೋಟಿನಲ್ಲಿ ಹೋದವರು ಎಂಟು ಜನ, ನೆನಪಿರಲಿ. ಈಗ ಎಣಿಸಿ.

(ಮೇಜಿನ ಮೇಲೆ ಗ್ಲಾಸು ಇಡುವ ಸದ್ದು, ನಿಧಾನವಾಗಿ ಏಳು ಸಲ. ನಂತರ ಐದು ಸೆಕೆಂಡು ಮೌನ.)

ಕಾದಿರಿ, ಅಲ್ವಾ?

ಇನ್ನು ಅಕ್ಷರದ ವಿಷಯ. ಇಂಗ್ಲಿಷಿಗಾದರೆ ಹೆದರಿಸುವ ಫಾಂಟು ಬೇಕಾದಷ್ಟಿದೆ. ರಕ್ತ ತೊಟ್ಟಿಕ್ಕುವುದು, ಉಗುರಿನಲ್ಲಿ ಕೆರೆದದ್ದು. ನಮ್ಮ ಕನ್ನಡದ ಅಕ್ಷರ ದುಂಡಗೆ, ಮುದ್ದಾಗಿ ಕೂತುಬಿಡುತ್ತದೆ. ಹೆದರಿಕೆ ಬರುವುದು ಕಷ್ಟ. ಸುಮ್ನೆ ಕಂಪ್ಯೂಟರಿನಲ್ಲಿ ವಾರಗಟ್ಟಲೆ ಒದ್ದಾಡಿದರು. ಆಮೇಲೆ ಒಬ್ಬಳಿಗೆ ಹೊಳೆಯಿತು. ಮೀನಿನ ಕ್ರೇಟಿನ ಮೇಲೆ ಮಾಲೀಕರ ಹೆಸರು ಪೇಂಟಿನಲ್ಲಿ ಬರೆದಿರುತ್ತದಲ್ಲ, ಹಾಗೇ ನಮ್ಮ ಹೆಸರೂ ಬರೆಸೋಣ. ಕ್ರೇಟು ಎಳೆದುಕೊಂಡು ಹೋಗುವಾಗ ಹೆಸರು ಬರುತ್ತದೆ, ಕತ್ತಲಿಗೆ ಹೋಗುತ್ತದೆ. ಇಡೀ ಕೆಲಸದಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ.

ಬೋಟುಗಳಿಗೆ ಹೆಸರು ಬರೆಯುವ ಪೇಂಟರ್ ಒಬ್ಬರನ್ನು ಹಿಡಿದರು. ಅರವತ್ತು ದಾಟಿದವರು. ಬೋಟಿನ ಕೆಲಸಕ್ಕೆ ಮಳೆ ಬಿಡುತ್ತಿರಲಿಲ್ಲ, ಬಿಡುವಾಗಿಯೇ ಇದ್ದರು. ಆರು ಕ್ರೇಟಿಗೆ ಬರೆದುಕೊಟ್ಟು, 'ಪಿಚ್ಚರ್ ಓಲುಂಡು?' ಎಂದು ಕೇಳಿದರಂತೆ, ಸಿನಿಮಾ ಎಲ್ಲಿದೆ ಎಂದು. ಸಿನಿಮಾ ಇಲ್ಲ, ಹೆಸರು ಮಾತ್ರ ಎಂದದ್ದಕ್ಕೆ ಅವರು ನಕ್ಕ ನಗು ಇವರಿಗೆ ಇನ್ನೂ ಮರೆತಿಲ್ಲ.

ಕಾಲೇಜಿನಲ್ಲಿ ತೋರಿಸುವ ದಿನ ಅವರನ್ನೂ ಕರೆದಿದ್ದರು. ಹಿಂದಿನ ಸಾಲಿನಲ್ಲಿ ಕೊಡೆ ಮಡಚಿಟ್ಟುಕೊಂಡು ಕೂತಿದ್ದರು. ಎರಡು ನಿಮಿಷ ಮುಗಿಯಿತು. ಚಪ್ಪಾಳೆ ಬಿತ್ತು. ಅವರು ಮಾತ್ರ ಎದ್ದು ನಿಂತು, 'ನನ್ನ ಅಕ್ಷರದ ಕಾಲು ಯಾಕೆ ಕಡಿದದ್ದು?' ಎಂದರು.

ಯಾರಿಗೂ ಅರ್ಥವಾಗಲಿಲ್ಲ. ಹಿಂದಕ್ಕೆ ಓಡಿಸಿ ನೋಡಿದೆವು. ದೊಡ್ಡ ಸಿನಿಮಾದ ಹಾಗೆ ಕಾಣಲಿ ಎಂದು ಹುಡುಗರು ಕೊನೆಯ ಗಳಿಗೆಯಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಸೇರಿಸಿದ್ದರು. ನಾನೂ ನೋಡಿ ಚೆನ್ನಾಗಿದೆ ಎಂದಿದ್ದೆ. ಕ್ಯಾಮೆರಾದವನ ಕ್ರೇಟು ಫ್ರೇಮಿನ ಅಡಿಯಲ್ಲಿತ್ತು. ಕೆಳಗಿನ ಪಟ್ಟಿ ಅಲ್ಲಿನ ಒತ್ತಕ್ಷರವನ್ನು ನುಂಗಿಹಾಕಿತ್ತು. ತೆರೆಯ ಮೇಲೆ ಇದ್ದದ್ದು 'ಛಾಯಾಗಹಣ'.

ಅವತ್ತು ರಾತ್ರಿಯೇ ಪಟ್ಟಿ ತೆಗೆದೆವು. ನಮಸ್ಕಾರ.