ಕೋಟೆಯೊಳಗಿನ ಚರ್ಚು, ಕೇರಿಯೊಳಗಿನ ಬದುಕು: ಟ್ರಾನ್ಸಿಲ್ವೇನಿಯಾದ ಸ್ಯಾಕ್ಸನ್ ಒಕ್ಕಲುಗಳು

ಎಲ್ಲರಿಗೂ ನಮಸ್ಕಾರ.

1989ರ ಡಿಸೆಂಬರಿನಲ್ಲಿ ರೊಮೇನಿಯಾದ ಸರ್ವಾಧಿಕಾರಿ ಚೌಷೆಸ್ಕುವಿನ ಆಡಳಿತ ಮುಗಿಯಿತು. ಜನ ಬೀದಿಗಿಳಿದು ಕುಣಿದರು. ಆದರೆ ಅದೇ ದೇಶದ ಟ್ರಾನ್ಸಿಲ್ವೇನಿಯಾದಲ್ಲಿ ಎಂಟುನೂರು ವರ್ಷಗಳಿಂದ ಬೇಸಾಯ ಮಾಡಿಕೊಂಡಿದ್ದ ಜರ್ಮನ್ ಒಕ್ಕಲುಗಳು ಗಂಟುಮೂಟೆ ಕಟ್ಟಿದ್ದು ಆಗಲೇ. 1990 ಒಂದೇ ವರ್ಷದಲ್ಲಿ ರೊಮೇನಿಯಾ ಬಿಟ್ಟ ಜರ್ಮನ್ನರು ಒಂದು ಲಕ್ಷಕ್ಕೂ ಜಾಸ್ತಿ. ಕಷ್ಟವೆಲ್ಲ ಕಳೆದ ಮೇಲೆ ಊರು ಬಿಡುವುದೇಕೆ? ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ಟ್ರಾನ್ಸಿಲ್ವೇನಿಯಾ ಎಂದಕೂಡಲೇ ರಕ್ತ ಹೀರುವ ದೆವ್ವ ನೆನಪಾಗುತ್ತದೆ, ಅಲ್ವಾ? ಅದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ.

12ನೇ ಶತಮಾನದ ನಡುಭಾಗ. ಹಂಗೇರಿಯ ದೊರೆ ಎರಡನೇ ಗೇಜಾನಿಗೆ ತನ್ನ ಗಡಿನಾಡಾಗಿದ್ದ ಟ್ರಾನ್ಸಿಲ್ವೇನಿಯಾದಲ್ಲಿ ಉಳುವವರೂ ಬೇಕಿತ್ತು, ಕಾಯುವವರೂ ಬೇಕಿತ್ತು. ರೈನ್ ಮತ್ತು ಮೊಸೆಲ್ ನದಿಗಳ ಕಡೆಯಿಂದ, ಲಕ್ಸೆಂಬರ್ಗ್ ಸುತ್ತಮುತ್ತಲಿಂದ ಜನರನ್ನು ಕರೆಸಿ ನೆಲೆ ಕೊಟ್ಟ. ಮುಂದೆ ಇವರಿಗೆ ಸ್ಯಾಕ್ಸನ್ನರು ಎಂಬ ಹೆಸರು ನಿಂತಿತು. 1224ರಲ್ಲಿ ದೊರೆ ಎರಡನೇ ಆಂಡ್ರ್ಯೂ ಒಂದು ಸನದು ಬರೆದುಕೊಟ್ಟ. ನಿಮ್ಮ ಪಾದ್ರಿಯನ್ನು ನೀವೇ ಆರಿಸಿಕೊಳ್ಳಿ, ನಿಮ್ಮ ನ್ಯಾಯ ನೀವೇ ನೋಡಿಕೊಳ್ಳಿ. ನನಗೆ ಕಂದಾಯ ಕೊಡಿ, ಯುದ್ಧಕ್ಕೆ ಆಳು ಕೊಡಿ. ಜಮೀನ್ದಾರರ ಕೈಕೆಳಗೆ ದುಡಿಯುತ್ತಿದ್ದ ಆ ಕಾಲದ ಯೂರೋಪಿನ ರೈತರಿಗೆ ಇದು ಕನಸಿನ ಮಾತು.

ಆದರೆ ಗಡಿ ಗಡಿಯೇ. 1241ರಲ್ಲಿ ಮಂಗೋಲರು ನುಗ್ಗಿದರು. ಆಮೇಲೆ ತುರ್ಕರ ದಾಳಿ ಶುರುವಾಯಿತು. ರಾಜನ ಸೈನ್ಯ ಬರುವಷ್ಟರಲ್ಲಿ ಊರು ಬೂದಿಯಾಗಿರುತ್ತಿತ್ತು. ಊರಿಗೆಲ್ಲ ಕೋಟೆ ಕಟ್ಟಲು ಒಕ್ಕಲು ಮಕ್ಕಳ ಹತ್ತಿರ ದುಡ್ಡೆಲ್ಲಿ? ಊರಲ್ಲಿ ಗಟ್ಟಿ ಕಲ್ಲಿನ ಕಟ್ಟಡ ಎಂದರೆ ಚರ್ಚು. ಅದರ ಸುತ್ತ ಗೋಡೆ ಎಬ್ಬಿಸಿದರು. ಅಂಥ ಕೋಟೆ ಚರ್ಚುಗಳು ಇವತ್ತಿಗೂ ಸುಮಾರು 150 ಉಳಿದಿವೆ.

ಬ್ರಾಶೊವ್ ನಗರದ ಹತ್ತಿರದ ಪ್ರೆಜ್ಮೆರ್ ಊರಿಗೆ ಹೋದರೆ ಇದು ಕಣ್ಣಿಗೆ ಕಟ್ಟುತ್ತದೆ. ಗೋಡೆಯ ಎತ್ತರ ಹೆಚ್ಚುಕಡಿಮೆ 12 ಮೀಟರ್. ಒಳಮೈಗೆ ಅಂಟಿಕೊಂಡು ಅಂತಸ್ತಿನ ಮೇಲೆ ಅಂತಸ್ತಾಗಿ ಇನ್ನೂರೈವತ್ತಕ್ಕೂ ಹೆಚ್ಚು ಪುಟ್ಟ ಕೋಣೆಗಳು. ಹತ್ತಲು ಮರದ ಮೆಟ್ಟಿಲು, ಬಾಗಿಲ ಮೇಲೆ ನಂಬರು. ಮನೆತನಕ್ಕೊಂದು ಕೋಣೆ. ಶತ್ರು ಬಂದರೆ ಅದೇ ಮನೆ, ಶಾಂತಿಯಿದ್ದಾಗ ಅದೇ ಕಣಜ. ಕೆಲವು ಊರುಗಳಲ್ಲಿ ಹಂದಿಕೊಬ್ಬನ್ನು ತೂಗುಹಾಕಲೆಂದೇ ಒಂದು ಬುರುಜು ಇತ್ತು. ಭಾನುವಾರ ಬಂದು ವಾರಕ್ಕೆ ಬೇಕಾದಷ್ಟು ಕೊಯ್ದುಕೊಳ್ಳಬೇಕು. ಕೊಯ್ದ ಜಾಗದ ಮೇಲೆ ಮುದ್ರೆ ಒತ್ತಬೇಕು, ಇಲ್ಲದಿದ್ದರೆ ಯಾರೋ ಬಂದು ಇನ್ನೊಂದು ತುಂಡು ಹಾರಿಸಿಬಿಟ್ಟಾರು! ಪಕ್ಕದಲ್ಲೇ ದೇವರ ಪೂಜೆ, ಆದರೂ ಅಕ್ಕಪಕ್ಕದವರ ಮೇಲೆ ಅಷ್ಟು ನಂಬಿಕೆ. ನನಗೆ ಈ ಜನ ಇಷ್ಟವಾಗಲು ಇದೂ ಒಂದು ಕಾರಣ.

16ನೇ ಶತಮಾನದಲ್ಲಿ ಬ್ರಾಶೊವಿನ ಧರ್ಮಸುಧಾರಕ ಹೊಂಟೆರಸ್ ಮುಂತಾದವರ ಪ್ರಯತ್ನದಿಂದ ಸ್ಯಾಕ್ಸನ್ನರೆಲ್ಲ ಕ್ಯಾಥೊಲಿಕ್ ಚರ್ಚು ಬಿಟ್ಟು ಪ್ರಾಟೆಸ್ಟೆಂಟರ ಲೂಥರನ್ ಪಂಥಕ್ಕೆ ಬಂದರು. ಬಿಯೆರ್ಟಾನ್ ಎಂಬ ಹಳ್ಳಿ 1572ರಿಂದ 1867ರವರೆಗೆ ಅವರ ಬಿಷಪ್ಪರ ಪೀಠವಾಗಿತ್ತು. ತಮಾಷೆ ಎಂದರೆ, ಬ್ರಾಶೊವಿನ ಕಪ್ಪು ಚರ್ಚಿನ ಒಳಗೆ ಸಾಲಾಗಿ ತೂಗುಬಿದ್ದಿರುವುದು ತುರ್ಕಿಯ ಜಮಖಾನೆಗಳು. ತುರ್ಕರಿಗೆ ಹೆದರಿ ಗೋಡೆ ಕಟ್ಟಿದವರೇ ತುರ್ಕರ ನೇಯ್ಗೆಯನ್ನು ಕೊಂಡು ದೇವರಿಗೆ ಒಪ್ಪಿಸಿದ್ದರು. ವ್ಯಾಪಾರ ಬೇರೆ, ಜಗಳ ಬೇರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಚರ್ಚಿನಷ್ಟೇ ಗಟ್ಟಿಯಾಗಿದ್ದದ್ದು ಕೇರಿ. ಬೀದಿಯ ಮನೆಗಳು ಸೇರಿ ಒಂದು ಕೇರಿ, ಅದಕ್ಕೊಬ್ಬ ಯಜಮಾನ, ಲೆಕ್ಕಪತ್ರಕ್ಕೊಂದು ಮರದ ಪೆಟ್ಟಿಗೆ. ಸುದ್ದಿ ಮುಟ್ಟಿಸಲು ಕೆತ್ತಿದ ಮರದ ಹಲಗೆಯೊಂದು ಮನೆಯಿಂದ ಮನೆಗೆ ಹೋಗಬೇಕು. ಮನೆ ಕಟ್ಟುವಾಗ, ಬಾವಿಯ ಹೂಳೆತ್ತುವಾಗ ಎಲ್ಲರೂ ಬರಬೇಕು. ಸತ್ತರೆ ಗುಂಡಿ ತೋಡುವವರು, ಹೆಣ ಹೊರುವವರು ಕೇರಿಯವರೇ. ವರ್ಷಕ್ಕೊಮ್ಮೆ ಸಭೆ ಕೂಡಿಸಿ ಲೆಕ್ಕ ಚುಕ್ತಾ ಮಾಡುತ್ತಿದ್ದರು, ಜಗಳವನ್ನೂ ಅಲ್ಲೇ ತೀರಿಸುತ್ತಿದ್ದರು.

20ನೇ ಶತಮಾನ ಇದನ್ನೆಲ್ಲ ಅಲುಗಾಡಿಸಿತು. ಎರಡನೇ ಮಹಾಯುದ್ಧದಲ್ಲಿ ಇವರ ಗಂಡಸರಲ್ಲಿ ಬಹಳ ಮಂದಿ ಹಿಟ್ಲರನ ಎಸ್‌ಎಸ್ ಪಡೆ ಸೇರಿದ್ದರು. ಅದನ್ನು ಮುಚ್ಚಿಟ್ಟು ಈ ಕಥೆ ಹೇಳುವುದು ಸರಿಯಲ್ಲ. 1945ರ ಜನವರಿಯಲ್ಲಿ ರೊಮೇನಿಯಾದ ಸುಮಾರು 70,000 ಜರ್ಮನ್ನರನ್ನು ಸೋವಿಯತ್ ಒಕ್ಕೂಟಕ್ಕೆ ಬಲವಂತದ ದುಡಿಮೆಗೆ ಸಾಗಿಸಿದರು. ಅವರಲ್ಲಿ ಹದಿನೆಂಟು ತುಂಬಿದ ಹೆಣ್ಣುಮಕ್ಕಳೂ ಇದ್ದರು. ಅದೇ ವರ್ಷ ಜಮೀನೂ ಹೋಯಿತು. ಆಮೇಲೆ ಚೌಷೆಸ್ಕು ಇವರನ್ನೇ ಮಾರಾಟಕ್ಕಿಟ್ಟ. ಇದು ಉತ್ಪ್ರೇಕ್ಷೆಯಲ್ಲ. ತಲೆಗಿಷ್ಟು ಎಂದು ಪಶ್ಚಿಮ ಜರ್ಮನಿ ಮಾರ್ಕುಗಳಲ್ಲಿ ದುಡ್ಡು ಎಣಿಸಿ ಕೊಡುತ್ತಿತ್ತು, ವರ್ಷಕ್ಕೆ ಸಾವಿರಾರು ಜನ ಹೊರಡುತ್ತಿದ್ದರು.

ಮೊದಲ ಪ್ರಶ್ನೆಗೆ ನನಗೆ ತೋಚುವ ಉತ್ತರ ಇಲ್ಲಿದೆ. ಕೇರಿಯಲ್ಲಿ ಅರ್ಧ ಮನೆ ಖಾಲಿಯಾದರೆ ಗುಂಡಿ ತೋಡುವವರು ಯಾರು? ಶಾಲೆಗೆ ಮಕ್ಕಳೆಲ್ಲಿ? ಮಗನಿಗೆ ಹೆಣ್ಣು ತರುವುದು ಎಲ್ಲಿಂದ? ಒಬ್ಬೊಬ್ಬರೇ ಬದುಕಿ ಅಭ್ಯಾಸವಿಲ್ಲದ ಜನ ಅವರು. ಬಡತನ, ಜರ್ಮನಿಯ ಆಸೆ ಇದ್ದವು, ಇಲ್ಲವೆನ್ನುವುದಿಲ್ಲ. ಆದರೆ 1990ರಲ್ಲಿ ಪಕ್ಕದ ಮನೆಯವರು ಹೊರಟರು ಎಂಬುದೇ ಹೊರಡಲು ದೊಡ್ಡ ಕಾರಣವಾಯಿತು. ಅಷ್ಟು ಕಾಲ ಅವರನ್ನು ಹಿಡಿದಿಟ್ಟದ್ದೂ ಕೇರಿ, ಒಟ್ಟಿಗೇ ಎಬ್ಬಿಸಿದ್ದೂ ಕೇರಿ.

1930ರ ಹೊತ್ತಿಗೆ ಎರಡು ಲಕ್ಷ ದಾಟಿದ್ದ ಈ ಜನರ ಚರ್ಚಿನಲ್ಲಿ ಈಗ ಉಳಿದಿರುವ ಸದಸ್ಯರು ಹತ್ತು ಹನ್ನೆರಡು ಸಾವಿರದ ಆಸುಪಾಸು. ಒಬ್ಬ ಪಾದ್ರಿ ಹಲವು ಊರು ಸುತ್ತಬೇಕು. ಹೋದವರು ವರ್ಷಕ್ಕೊಮ್ಮೆ ಬವೇರಿಯಾದ ಡಿಂಕೆಲ್ಸ್‌ಬ್ಯೂಲ್ ಪಟ್ಟಣದಲ್ಲಿ ಸೇರುತ್ತಾರೆ. ರಜೆಯಲ್ಲಿ ಊರಿಗೆ ಬಂದು ಹೋಗುವವರಿಗೆ ‘ಬೇಸಿಗೆ ಸ್ಯಾಕ್ಸನ್ನರು’ ಎಂಬ ಹೆಸರೂ ಬಿದ್ದಿದೆ.

ಕಟ್ಟಡಗಳ ಪಾಡು ಬೇರೆ ಬೇರೆ. ಬಿಯೆರ್ಟಾನ್, ಪ್ರೆಜ್ಮೆರ್, ವಿಸ್ಕ್ರಿ ಮುಂತಾದ ಏಳು ಹಳ್ಳಿಗಳು ಯುನೆಸ್ಕೋ ಪಟ್ಟಿಯಲ್ಲಿವೆ, ಪ್ರವಾಸಿಗರು ಬರುತ್ತಾರೆ. ಪಟ್ಟಿಗೆ ಸೇರದ ರೋಟ್ಬಾವ್ ಮತ್ತು ರೊಆದೆಷ್ ಊರುಗಳ ಚರ್ಚಿನ ಬುರುಜುಗಳು 2016ರ ಫೆಬ್ರವರಿಯಲ್ಲಿ ಕುಸಿದುಬಿದ್ದವು. ಸ್ಯಾಕ್ಸನ್ನರ ಮನೆಗಳಲ್ಲಿ ಈಗ ರೊಮೇನಿಯನ್ನರೂ ರೋಮಾ (ಜಿಪ್ಸಿ) ಜನರೂ ಬದುಕುತ್ತಿದ್ದಾರೆ. ದುರಸ್ತಿಯ ಹಣ ಬಂದಾಗ ಮೊದಲು ಇವರನ್ನು ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಸುಮ್ನೆ ಬೀಗ ಹಾಕಿ ಕಾಯುವ ಬದಲು ಆ ಕೋಣೆಗಳು ಮತ್ತೆ ಕಣಜವಾಗಲಿ, ಶಾಲೆಯಾಗಲಿ. ಜರ್ಮನಿಯಲ್ಲಿರುವ ಹಳಬರಲ್ಲಿ ಕೆಲವರಿಗೆ ಇದು ಹಿಡಿಸಲಿಕ್ಕಿಲ್ಲ.