ರಾಜನ ಕಥೆಗೆ ದುಡ್ಡು ಸುರಿಯಬೇಡಿ, ಕವರ್ ನೋಡಿ

ನಮಸ್ಕಾರ. ಸ್ವಘೋಷಿತ ದ್ವೀಪರಾಜ್ಯಗಳ ಅಂಚೆಚೀಟಿ ಕೊಳ್ಳುವವರಿಗೆ ಇವತ್ತು ನೇರವಾಗಿಯೇ ಒಂದು ಮಾತು ಹೇಳಬೇಕು. ಅರಸನ ಕಥೆ ಎಷ್ಟೇ ಚೆಂದವಿರಲಿ, ಆ ಚೀಟಿ ಒಂದಾದರೂ ಕಾಗದ ಸಾಗಿಸಿದೆಯೇ ಅಂತ ಮೊದಲು ಕೇಳಿ.

ಜೇಮ್ಸ್ ಹಾರ್ಡನ್-ಹಿಕಿ ಎಂಬ ಅಮೆರಿಕನ್ ಸಾಹಸಿ 1893ರಲ್ಲಿ ತನ್ನನ್ನು ಟ್ರಿನಿಡಾಡಿನ ಒಂದನೇ ಜೇಮ್ಸ್ ಎಂದು ಘೋಷಿಸಿಕೊಂಡ. ಇದು ಕೆರಿಬಿಯನ್ ದ್ವೀಪವಲ್ಲ. ಬ್ರೆಜಿಲ್ ಕರಾವಳಿಯಿಂದ ಸಾವಿರ ಕಿ.ಮೀ.ಗೂ ಆಚೆ, ದಕ್ಷಿಣ ಅಟ್ಲಾಂಟಿಕ್‌ನಲ್ಲಿರುವ ಟ್ರಿಂಡಾಡೆ. ಮಾರುವವರೇ ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಗುರುತು ಸುಲಭ: ಹಿಕಿಯ 1894ರ ಚೀಟಿಗಳ ಬೆಲೆ ಸೆಂಟೀಮ್, ಫ್ರಾಂಕ್‌ನಲ್ಲಿದೆ, ಬ್ರಿಟಿಷ್ ವಸಾಹತು ಟ್ರಿನಿಡಾಡಿನದು ಪೆನ್ನಿ, ಶಿಲಿಂಗ್.

ಆಗ ಆ ದ್ವೀಪದಲ್ಲಿ ಜನವಸತಿಯೇ ಇರಲಿಲ್ಲ. ಆಡಳಿತ ಕಚೇರಿ ಇದ್ದದ್ದು ನ್ಯೂಯಾರ್ಕಿನಲ್ಲಿ. 1895ರಲ್ಲಿ ಬ್ರಿಟನ್ ಟೆಲಿಗ್ರಾಫ್ ಕೇಬಲ್ಲಿಗಾಗಿ ದ್ವೀಪ ಹಿಡಿಯಿತು, ಬ್ರೆಜಿಲ್ ಪ್ರತಿಭಟಿಸಿತು, ಪೋರ್ಚುಗಲ್ ಮಧ್ಯಸ್ಥಿಕೆಯಲ್ಲಿ 1896ರಲ್ಲಿ ಬ್ರಿಟನ್ ಹಿಂದೆ ಸರಿಯಿತು. ಇಬ್ಬರ ಲೆಕ್ಕದಲ್ಲೂ ಹಿಕಿ ಇರಲೇ ಇಲ್ಲ! ಹಾಗಾಗಿ ಬಿಡಿ ಚೀಟಿಯ ಮೇಲೆ ಮುದ್ರೆ ಬಿದ್ದಿದೆ ಅಂತ 'ಬಳಸಿದ್ದು' ಎಂದು ಹೆಚ್ಚು ಬೆಲೆ ತೆರಬೇಡಿ. ಮುದ್ರೆಯನ್ನು ಮೇಜಿನ ಮೇಲೂ ಒತ್ತಬಹುದು.

ಇದಕ್ಕೆ ಎದುರಾಗಿ ಇಂಗ್ಲೆಂಡಿನ ಲಂಡಿ ದ್ವೀಪ ನೋಡಿ. ಅದರ ಒಡೆಯ ಮಾರ್ಟಿನ್ ಕೋಲ್ಸ್ ಹಾರ್ಮನ್ ಕೂಡ ತನ್ನದೇ ಆಳ್ವಿಕೆ ಅಂದವನೇ. ಆದರೆ 1927ರ ಕೊನೆಗೆ ಸರ್ಕಾರಿ ಅಂಚೆ ಕಚೇರಿ ಮುಚ್ಚಿದ ಮೇಲೆ ಕಾಗದ ಸಾಗಿಸುವ ಹೊಣೆ ನಿಜಕ್ಕೂ ಅವನ ಮೇಲೆ ಬಿತ್ತು. 1929ರಲ್ಲಿ ಅರ್ಧ ಪಫಿನ್, ಒಂದು ಪಫಿನ್ ಚೀಟಿಗಳನ್ನು ತಂದ. ಒಂದು ಪಫಿನ್ ಅಂದರೆ ಒಂದು ಪೆನ್ನಿ. ಪಫಿನ್ ನಾಣ್ಯ ಹೊರಡಿಸಿದ್ದಕ್ಕೆ 1870ರ ನಾಣ್ಯ ಕಾಯ್ದೆಯಡಿ 5 ಪೌಂಡ್ ದಂಡ ಬಿತ್ತು, ಚೀಟಿಗಳು ಮಾತ್ರ ಉಳಿದವು. ಅವು ದ್ವೀಪದಿಂದ ದಡದವರೆಗಿನ ಸಾಗಣೆಗಷ್ಟೇ. ಅಲ್ಲಿಂದ ಮುಂದಕ್ಕೆ ಬ್ರಿಟಿಷ್ ಚೀಟಿಯೂ ಬೇಕಿತ್ತು. ನನ್ನ ಮಟ್ಟಿಗೆ ಸಂಗ್ರಹಕ್ಕೆ ತಕ್ಕ ವಸ್ತು ಇದೇ.

ಕೊಳ್ಳುವಾಗ ಕವರಿನ ಎರಡೂ ಬದಿಯ ಸ್ಕ್ಯಾನ್ ಕೇಳಿ, ಯಾಕೆಂದರೆ ಹಳೆಯ ಲಂಡಿ ಚೀಟಿ ಹಿಂಬದಿಯಲ್ಲಿರಬಹುದು. ಮುದ್ರೆ ಅರ್ಧ ಚೀಟಿಯ ಮೇಲೆ, ಅರ್ಧ ಕಾಗದದ ಮೇಲೆ ಬಿದ್ದಿದೆಯೇ ನೋಡಿ. ಬ್ರಿಟಿಷ್ ಮುದ್ರೆಯ ತಾರೀಖನ್ನು ದ್ವೀಪದ ಮುದ್ರೆಗೆ ತಾಳೆ ಹಾಕಿ. ದ್ವೀಪದಿಂದ ಹೊರಟ ಕಾಗದದಲ್ಲಿ ದಡದ ತಾರೀಖು ಮೊದಲಿದ್ದರೆ ಚೀಟಿ ಆಮೇಲೆ ಅಂಟಿಸಿದ್ದಿರಬಹುದು. ಕೊಂಡ ಮೇಲೆ ದಯವಿಟ್ಟು ನೀರಿನಲ್ಲಿ ನೆನೆಸಿ ಬಿಡಿಸಬೇಡಿ. ಬಿಡಿಸಿದಿರೋ, ಅದು ಸಾಗಿ ಬಂದ ದಾರಿಯ ಪುರಾವೆ ಪೂರ್ತಿ ಹೋಯಿತು.